ವಯಸ್ಸಿಗೆ ತಕ್ಕ ಪುಟ

ಮಕ್ಕಳನ್ನು ಹೇಗೆ ಬೆಳೆಸಬೇಕೆಂದು ಅರ್ಧ ಬನಹಟ್ಟಿಗೆ ಹೇಳಿಕೊಟ್ಟ ಆ ಮನುಷ್ಯನಿಗೆ ತನ್ನ ಮೂರನೆಯ ಮಗ ಯಾವ ಇಯತ್ತೆಯಲ್ಲಿ ಓದುತ್ತಾನೆ ಎಂಬುದು ಗೊತ್ತಿರಲಿಲ್ಲ. ಯಾರಾದರೂ ಕೇಳಿದರೆ ಕರಿ ಟೋಪಿ ತೆಗೆದು ತಲೆ ಕೆರೆದುಕೊಂಡು, "ಐದು ಇರಬೇಕ್ರಿ. ಆರೂ ಇದ್ದೀತು. ಮನ್ಯಾಗ ಕೇಳಿ ಹೇಳ್ತೀನಿ" ಎನ್ನುತ್ತಿದ್ದರು. ಮರುದಿನ ಜಮಖಂಡಿಯ ಬಸ್ಸಿನಿಂದ ಇಳಿದವರೇ ಕೇಳಿದವರನ್ನು ಹುಡುಕಿಕೊಂಡು ಹೋಗಿ, "ಏಳು ಅಂತ್ರಿ" ಎಂದು ಉತ್ತರ ಒಪ್ಪಿಸಿ ಬರುತ್ತಿದ್ದರು. ಮಾಹಿತಿಯ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟಿನ ಮನುಷ್ಯ.

ಅವರು ನಮ್ಮೂರಿನ ವಾಚನಾಲಯ ನೋಡಿಕೊಳ್ಳುತ್ತಿದ್ದವರು. ಒಂದು ದಿನವೂ ಶಾಲೆಯಲ್ಲಿ ಪಾಠ ಹೇಳಿದವರಲ್ಲ, ಆದರೂ ಊರಿಗೆಲ್ಲ ‘ಬುಕ್ಕಿನ ಮಾಸ್ತರ’. ನಿವೃತ್ತರಾಗಿ ಬಹಳ ವರ್ಷವಾಗಿತ್ತು. ಹೋದ ತಿಂಗಳು ಜಮಖಂಡಿಯ ತಮ್ಮ ಮನೆಯಲ್ಲಿ ತೀರಿಕೊಂಡರು. ಸುದ್ದಿ ತಿಳಿದ ವಾರದೊಳಗೆ ವಾಚನಾಲಯದಲ್ಲಿ ಸಂತಾಪ ಸಭೆ ಏರ್ಪಾಡಾಯಿತು. ನಾಲ್ಕು ಜನ ಮಾತನಾಡಿದರು. ಮಕ್ಕಳ ಮನಸ್ಸಿನ ಆಳ ಬಲ್ಲವರು ಎಂದರು, ಋಷಿ ಎಂದರು, ಒಬ್ಬರಂತೂ ಕಣ್ಣು ಒರೆಸಿಕೊಂಡರು. ಆ ನಾಲ್ವರಲ್ಲಿ ಮೂವರು ಅವರ ಕೈಯಲ್ಲಿ ವರ್ಷಗಟ್ಟಲೆ ಬೈಸಿಕೊಂಡವರು, ನಾಲ್ಕನೆಯವರು ವಾಚನಾಲಯದ ಪುಸ್ತಕವೊಂದನ್ನು ಇಪ್ಪತ್ತು ವರ್ಷದಿಂದ ತಮ್ಮ ಮನೆಯ ಗೂಡಿನಲ್ಲಿ ಇಟ್ಟುಕೊಂಡವರು. ನನಗೂ ಎರಡು ಮಾತು ಹೇಳಿ ಎಂದರು. ಎಲ್ಲರೂ ಹೇಳುವಂಥ ಎರಡು ಮಾತು ಹೇಳಿ ಕುಳಿತೆ. ಹೇಳಬೇಕಾದದ್ದನ್ನು ಹೇಳಿದ್ದರೆ ಋಷಿಯ ಸತ್ಯವ್ರತಕ್ಕೆ ಅಲ್ಲೇ ಮುಕ್ಕಾಗುತ್ತಿತ್ತು.

ವಾಚನಾಲಯವೆಂದರೆ ನೂಲಿನ ಅಂಗಡಿಯೊಂದರ ಮೇಲಿನ ಮಾಳಿಗೆ. ಕಟ್ಟಿಗೆಯ ಮೆಟ್ಟಿಲು ಹತ್ತಿ ಹೋಗಬೇಕು. ಒಳಗೆ ಎರಡು ಉದ್ದ ಬೆಂಚು, ಒಂದು ಮೇಜು, ಗೋಡೆಗೆ ‘ಶಾಂತತೆ ಕಾಪಾಡಿರಿ’ ಎಂಬ ಹಲಗೆ. ಸುತ್ತಲಿನ ಓಣಿಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಮಗ್ಗಗಳು ಬಡಿಯುವ ಊರಿನಲ್ಲಿ ಆ ಹಲಗೆ ಯಾರನ್ನು ಉದ್ದೇಶಿಸಿ ಹಾಕಿದ್ದೋ ತಿಳಿಯದು. ಅವರು ಮಾತ್ರ ಅದರ ಕೆಳಗೇ ಕುಳಿತು, ಎಲ್ಲರಿಗಿಂತ ಗಟ್ಟಿಯಾಗಿ ಮಾತನಾಡುತ್ತಿದ್ದರು.

ಅವರಿಗೆ ಶಿಶುಪಾಲನೆಯ ಹುಚ್ಚು ಹತ್ತಿದ್ದು ಸರಕಾರದ ಕೃಪೆಯಿಂದ. ವರ್ಷಕ್ಕೊಮ್ಮೆ ಬೆಂಗಳೂರಿನಿಂದ ಪುಸ್ತಕದ ಪೆಟ್ಟಿಗೆ ಬರುತ್ತಿತ್ತು. ಊರಿನವರು ಕಾದಂಬರಿ ಬೇಕೆಂದು ಬರೆಸಿದರೆ, ಅಲ್ಲಿ ಯಾರಿಗೋ ನಮ್ಮ ಮಕ್ಕಳ ಚಿಂತೆ ಹತ್ತಿ, ಕೂಸಿಗೆ ಹಾಲು ಬಿಡಿಸುವುದು ಹೇಗೆ, ಹಟ ಮಾಡುವ ಹುಡುಗನನ್ನು ಒಲಿಸುವುದು ಹೇಗೆ, ಮೀಸೆ ಚಿಗುರುತ್ತಿರುವ ಮಗನ ಜೊತೆ ಮಾತನಾಡುವುದು ಹೇಗೆ ಎಂಬ ಪುಸ್ತಕಗಳನ್ನು ಕಳಿಸುತ್ತಿದ್ದರು. ಪುಣೆಯ ಕಡೆಯಿಂದ ಕೆಲವು ಮರಾಠಿ ಪುಸ್ತಕಗಳೂ ಬಂದು ಸೇರಿಕೊಂಡವು. ಯಾರೂ ಮುಟ್ಟದ ಪುಸ್ತಕ ನೋಡಿದರೆ ಅವರಿಗೆ ತಡೆಯುತ್ತಿರಲಿಲ್ಲ. ಒಂದೊಂದಾಗಿ ತಾವೇ ಓದಿದರು. ಓದಿದ್ದನ್ನು ನಂಬುವ ಚಟ ಮೊದಲೇ ಇತ್ತು. ಹೀಗಾಗಿ ಒಂದೆರಡು ವರ್ಷದಲ್ಲಿ ತಯಾರಾಗಿಬಿಟ್ಟರು.

ಆ ಪುಸ್ತಕಗಳನ್ನು ಅವರು ಲೇಖಕರ ಹೆಸರಿನ ಮೇಲೆ ಜೋಡಿಸಲಿಲ್ಲ. ಮಕ್ಕಳ ವಯಸ್ಸಿನ ಮೇಲೆ ಕಪಾಟಿನಲ್ಲಿ ನಾಲ್ಕು ಅರೆ ಮಾಡಿದರು. ಇನ್ನೂ ಶಾಲೆಗೆ ಹೋಗದ ಕೂಸುಗಳದು ‘ಗಿಲಕಿ’, ಒಂದರಿಂದ ನಾಲ್ಕನೇ ಇಯತ್ತೆಯವರದು ‘ಪಾಟಿ’, ಅದರ ಮುಂದಿನ, ಮಸಿಯಲ್ಲಿ ಬರೆಯುವವರದು ‘ದೌತಿ’. ಎಲ್ಲಕ್ಕಿಂತ ಮೇಲಿನ, ಸ್ಟೂಲ್ ಹತ್ತಿದರೆ ಮಾತ್ರ ಕೈಗೆಟುಕುವ ಅರೆ ‘ಕನ್ನಡಿ’. ಕನ್ನಡಿಯ ಮುಂದೆ ನಿಲ್ಲುವ ವಯಸ್ಸಿನವರಿಗಾಗಿ ಎಂದು ಅರ್ಥ. ಚಿಕ್ಕ ಅಕ್ಷರದಲ್ಲಿ ಪಟ್ಟಿ ಬರೆದು ಅಂಟಿಸಿದ್ದರು.

ನಮ್ಮ ಕಡೆಯ ಗಂಡಸರಿಗೆ ಮಕ್ಕಳ ಬಗ್ಗೆ ಸಲಹೆ ಕೇಳುವುದೆಂದರೆ ಮೈಯೆಲ್ಲ ಹಿಡಿಯಾಗುವಷ್ಟು ನಾಚಿಕೆ. ಮೆಟ್ಟಿಲು ಹತ್ತಿ ಬಂದು, ಪೇಪರ್ ಮಗುಚಿದಂತೆ ಮಾಡಿ, ಕೊನೆಗೆ ಮೇಜಿನ ಹತ್ತಿರ ಬಂದು ದನಿ ತಗ್ಗಿಸುತ್ತಿದ್ದರು.

"ನಮ್ಮ ಬೀಗರ ಹುಡುಗ ಒಬ್ಬಾಂವ ಅದಾನ್ರಿ ಮಾಸ್ತರ."

"ವಯಸ್ಸೆಷ್ಟು ಬೀಗರ ಹುಡುಗಂದು?"

"ಒಂಬತ್ತ್ರಿ."

"ಹಾಸಿಗಿ ತೊಯ್ಸತಾನೇನು?"

"ಅಯ್ಯ, ನಿಮಗ ಹೆಂಗ ಗೊತ್ತಾತ್ರಿ?"

"ಬೀಗರ ಹುಡುಗ ನಿಮ್ಮ ಮಗ್ಗಲಾಗ ಮಲಗಿರ್ತಾನಲ್ರಿ. ಅಂಗಿ ವಾಸನಿ ಬರ್ತೈತಿ."

ಇಷ್ಟು ಗಟ್ಟಿಯಾಗಿ ಹೇಳಿದ ಮೇಲೆ ಬೆಂಚಿನ ಮೇಲಿದ್ದವರು ಪೇಪರ್ ಇಳಿಸಿ ನೋಡದೆ ಬಿಡುತ್ತಾರೆಯೇ? ಬಂದವನು ಬೆವರುತ್ತ ಪುಸ್ತಕ ಅಂಗಿಯೊಳಗೆ ಸಿಕ್ಕಿಸಿಕೊಂಡು ಇಳಿದು ಹೋಗುತ್ತಿದ್ದ. ‘ಮಗುವಿನ ದೌರ್ಬಲ್ಯವನ್ನು ನಾಲ್ವರ ಎದುರು ಆಡಿ ತೋರಿಸಬಾರದು’ ಎಂಬ ಸಾಲನ್ನು ಅವರೇ ಕೆಂಪು ಪೆನ್ಸಿಲ್ಲಿನಲ್ಲಿ ಗೆರೆ ಹಾಕಿ ಕೊಟ್ಟಿರುತ್ತಿದ್ದರು. ಅದು ಮಕ್ಕಳಿಗೆ ಸಂಬಂಧಪಟ್ಟದ್ದು. ಅಪ್ಪಂದಿರ ಬಗ್ಗೆ ಯಾವ ಪುಸ್ತಕದಲ್ಲೂ ಬರೆದಿರಲಿಲ್ಲವಲ್ಲ.

ಪುಸ್ತಕ ಕೊಡುವುದಕ್ಕೆ ಅವರದೇ ಒಂದು ಪದ್ಧತಿ ಇತ್ತು. ಮೊದಮೊದಲು ಇಡೀ ಪುಸ್ತಕ ಕೊಡುತ್ತಿದ್ದರು. ರಬಕವಿಯ ಒಬ್ಬ ನೂಲಿನ ವ್ಯಾಪಾರಿ ತನ್ನ ನಾಲ್ಕು ವರ್ಷದ ಮಗ ಮಣ್ಣು ತಿನ್ನುತ್ತಾನೆಂದು ಒಂದು ಪುಸ್ತಕ ಒಯ್ದ. ದುಡ್ಡಿನವನು, ಅವಸರ ಜಾಸ್ತಿ. ಮಣ್ಣಿನ ಪುಟ ಬಿಟ್ಟು ನೇರ ಕೊನೆಯ ಅಧ್ಯಾಯಕ್ಕೆ ಹೋದ. ಹರೆಯದ ಮಕ್ಕಳು ಗುಟ್ಟು ಮಾಡುತ್ತಾರೆ, ಒಂಟಿಯಾಗಿ ಇರಬಯಸುತ್ತಾರೆ, ಕೆಟ್ಟ ಸಹವಾಸಕ್ಕೆ ಬೀಳುತ್ತಾರೆ ಎಂದೆಲ್ಲ ಅಲ್ಲಿ ಇತ್ತು. ಮುಂದೆ ಒಂದು ವಾರ ಆ ಪುಣ್ಯಾತ್ಮ ಅಂಗಡಿ ಬಿಟ್ಟು ಕೂಸಿನ ಬೆನ್ನು ಹತ್ತಿದ. ಅದು ಬಾಗಿಲ ಹಿಂದೆ ಕುಳಿತರೆ ಏಕೆ ಕುಳಿತೆ ಎಂದು ಕೇಳಿದ. ಎದುರು ಮನೆಯ ಕೂಸಿನ ಜೊತೆ ಆಡಿದರೆ ಅದರ ಮನೆತನ ವಿಚಾರಿಸಿದ. ಮಗ ಮಣ್ಣು ತಿನ್ನುವುದು ಹೆಚ್ಚಾಯಿತು.

ಅಂದಿನಿಂದ ಮಾಸ್ತರರು ಕೆಳಗಿನ ಅಂಗಡಿಯಿಂದ ನೂಲು ತಂದು ಪುಸ್ತಕ ಕಟ್ಟತೊಡಗಿದರು. ಮಗುವಿನ ವಯಸ್ಸು ಕೇಳಿ, ಆ ವಯಸ್ಸಿನ ಪುಟಗಳನ್ನಷ್ಟೇ ಬಿಟ್ಟು ಹಿಂದಿನದನ್ನೂ ಮುಂದಿನದನ್ನೂ ಬಿಗಿದು ಗಂಟು ಹಾಕಿ ಕೊಡುತ್ತಿದ್ದರು. "ವಯಸ್ಸಿಗೆ ತಕ್ಕ ಪುಟ ಓದ್ರಿ. ಮುಂದಿಂದು ಮುಂದ." ಪುಸ್ತಕ ವಾಪಸು ಬಂದಾಗ ಗಂಟು ಪರೀಕ್ಷಿಸುತ್ತಿದ್ದರು. ನೇಕಾರರ ಊರಿನಲ್ಲಿ ನೂಲಿನ ಗಂಟಿನಿಂದ ಜನರನ್ನು ತಡೆಯುತ್ತೇನೆಂದು ಹೊರಟ ಧೈರ್ಯ ಮೆಚ್ಚಬೇಕು. ನಮ್ಮ ಹೆಂಗಸರು ಹುಟ್ಟಿದಾಗಿನಿಂದ ಕಡಿದ ಎಳೆ ಕೂಡಿಸುತ್ತ ಬಂದವರು. ಬಿಚ್ಚಿ, ಚಿತ್ರ ನೋಡಿ, ತಿರುಗಿ ಕಟ್ಟಿ ಕಳಿಸುತ್ತಿದ್ದರು. ಆದರೂ ಅವರಿಗೆ ಗೊತ್ತಾಗುತ್ತಿತ್ತು. "ಬಿಚ್ಚೀರಿ ಇದನ್ನ. ನಾ ಹಾಕಿದ ಗಂಟು ಇಷ್ಟ ಛಲೋ ಇರೂದಿಲ್ಲ" ಎನ್ನುತ್ತಿದ್ದರು.

ಚಿತ್ರಗಳೆಂದರೆ ನೋಡುವಂಥವೇ. ಅಂಗಿಗೆ ಟೈ ಕಟ್ಟಿದ ಅಪ್ಪ, ಕೂದಲು ಕತ್ತರಿಸಿಕೊಂಡ ಅಮ್ಮ, ಬೂಟು ಹಾಕಿದ ಹುಡುಗ, ಮೇಜಿನ ಮೇಲೆ ಹೂವಿನ ಕುಂಡ. "ಊಟಾ ಮಾಡೂ ಹೊತ್ತಿನ್ಯಾಗ ಕೂಸಿಗೆ ಯಾಕ ಬೂಟ ಹಾಕ್ಯಾರ?" ಎಂದು ನಮ್ಮವ್ವ ಬಹಳ ದಿನ ವಿಚಾರ ಮಾಡಿದಳು. ಬೆಳೆಯುವ ಮಗುವಿಗೆ ಪ್ರತ್ಯೇಕ ಕೋಣೆ ಕೊಡಿ ಎಂದು ಒಂದು ಪುಸ್ತಕದಲ್ಲಿತ್ತು. ನಮ್ಮ ಮನೆಯಲ್ಲಿ ಪ್ರತ್ಯೇಕ ಕೋಣೆ ಇದ್ದದ್ದು ಮಗ್ಗಕ್ಕೆ ಮಾತ್ರ. ನಾವು ಆರು ಜನ ಉಳಿದ ಒಂದರಲ್ಲಿ ಇದ್ದೆವು.

ಇಷ್ಟೆಲ್ಲ ಓದಿದವರು ಒಂದು ಸಣ್ಣ ವಿಷಯ ಮರೆತಿದ್ದರು. ನಮ್ಮ ಓಣಿಯಲ್ಲಿ ತಾಯಂದಿರಿಗೆ ಅಕ್ಷರ ಬರುತ್ತಿರಲಿಲ್ಲ. ತಂದೆಯರಲ್ಲಿ ಬಹಳ ಜನಕ್ಕೆ ಸಹಿಯ ಮಟ್ಟಿಗೆ ಬರುತ್ತಿತ್ತು. ಹಾಗಾದರೆ ಒಯ್ದ ಪುಸ್ತಕ ಓದುತ್ತಿದ್ದವರು ಯಾರು? ಯಾರ ಹಟ ಬಿಡಿಸಲೆಂದು ಪುಸ್ತಕ ತಂದಿದ್ದರೋ ಅವರೇ. ಅಪ್ಪ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದರೆ, ಅವ್ವ ಬದಿಗೆ ಕುಳಿತು ಕಂಡಿಕೆಗೆ ನೂಲು ಸುತ್ತುತ್ತಿದ್ದರೆ, ಆರೋಪಿ ಎದುರಿಗೆ ಕುಳಿತು ತನಗೆ ಕೊಡಬೇಕಾದ ಶಿಕ್ಷಣವನ್ನು ತಾನೇ ಗಟ್ಟಿಯಾಗಿ ಓದುತ್ತಿದ್ದ. ಕಳ್ಳನ ಕೈಯಲ್ಲಿ ಕಾಯಿದೆ ಪುಸ್ತಕ ಕೊಟ್ಟು ಓದಿಸಿದರೆ ಅವನು ಯಾವ ಕಲಮು ಓದುತ್ತಾನೆಂದು ಬೇರೆ ಹೇಳಬೇಕಾಗಿಲ್ಲ.

ನಮ್ಮ ಪಕ್ಕದ ಮನೆಯ ಗಂಗವ್ವನ ಮಗ ಬಸ್ಯಾ ಇದರಲ್ಲಿ ಎಲ್ಲರಿಗಿಂತ ಮುಂದೆ. ಅವನಿಗೆ ಹತ್ತು ವರ್ಷ. ಶಾಲೆ ತಪ್ಪಿಸಿ ಕೆರೆಯ ಕಡೆ ತಿರುಗುತ್ತಾನೆಂದು ಗಂಗವ್ವ ಪುಸ್ತಕ ತಂದಳು. ಬಸ್ಯಾ ಓದಿದ: ಮಕ್ಕಳನ್ನು ಹೊಡೆಯಬಾರದು. ಇದು ನಿಜವಾಗಿಯೂ ಇತ್ತು. ಮುಂದೆ ಓದಿದ: ಸಂಜೆ ಶಾಲೆಯಿಂದ ಬಂದ ಮಗುವಿಗೆ ಬಿಸಿ ಭಜಿ ಕೊಡಬೇಕು. ವಾರವಿಡೀ ಗಂಗವ್ವ ಭಜಿ ಕರಿದಳು. ಎಂಟನೆಯ ದಿನ ಮೆಟ್ಟಿಲು ಹತ್ತಿ ಬಂದು ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದಳು.

"ಎಂಥಾ ಬುಕ್ ಕೊಟ್ಟೀರಿ ಮಾಸ್ತರ? ಇದನ್ನ ಬರದಾಂವಗ ಎಣ್ಣಿ ಪುಕ್ಕಟ ಬರ್ತೈತೇನ?"

ಮಾಸ್ತರರು ಪುಸ್ತಕ ತೆರೆದು ನೋಡಿದರು. ಮುಖ ಕೆಂಪಾಯಿತು. ಬಸ್ಯಾನನ್ನು ಕರೆಸಿ, ಬೆಂಚಿನ ಮೇಲೆ ಹತ್ತಿಸಿ ನಿಲ್ಲಿಸಿ, ತಾಯಿಯ ಎದುರು, ಪೇಪರ್ ಓದುವವರ ಎದುರು, ಅದೇ ಪುಟವನ್ನು ಇದ್ದದ್ದು ಇದ್ದಂತೆ ಓದಿಸಿದರು. ಭಜಿ ಎಲ್ಲಿದೆ ತೋರಿಸು ಎಂದರು. ಬಸ್ಯಾ ಅಳುತ್ತ ಒಂದು ಸಾಲಿನ ಮೇಲೆ ಬೆರಳಿಟ್ಟ. ಅಲ್ಲಿ ‘ಪೌಷ್ಟಿಕ ಆಹಾರ’ ಎಂದಿತ್ತು.

"ಅಚ್ಚಾದದ್ದು ಅಚ್ಚಾದದ್ದ" ಎಂದು ಆ ದಿನ ಅವರು ಮೇಜು ಗುದ್ದಿ ಹೇಳಿದರು. "ಒಂದ ಅಕ್ಷರ ಹೆಚ್ಚ ಮಾಡಾಕ ನೀ ಯಾವಾಂವ, ನಾ ಯಾವಾಂವ? ಬುಕ್ಕಿನಾಗ ಇಲ್ಲದ್ದ ಓದಾಂವ ನಾಳೆ ಏನ ಬೇಕಾದ್ರೂ ಮಾಡ್ತಾನ." ಅಂದಿನಿಂದ ಹೊಸ ನಿಯಮ ಬಂತು. ಪುಸ್ತಕ ಯಾವ ಮಗುವಿಗಾಗಿಯೋ ಆ ಮಗು ಅದನ್ನು ಓದಿ ಹೇಳುವಂತಿಲ್ಲ. ಅಕ್ಷರ ಬಲ್ಲ ಬೇರೆಯವರನ್ನು ಹುಡುಕಿಕೊಳ್ಳಬೇಕು, ಇಲ್ಲವೇ ವಾಚನಾಲಯಕ್ಕೆ ಬಂದು ಅವರಿಂದಲೇ ಕೇಳಿಸಿಕೊಂಡು ಹೋಗಬೇಕು.

ಅವರ ಹೆಂಡತಿಯನ್ನು ಆ ಕಾಲದಲ್ಲಿ ನಾನು ನೋಡಿರಲಿಲ್ಲ. ಆದರೆ ಆಕೆಯ ಒಂದು ಮಾತು ಬನಹಟ್ಟಿಯವರೆಗೂ ಬಂದಿತ್ತು. ಜಮಖಂಡಿಯಲ್ಲಿ ಯಾರೋ, ನಿಮಗೇನವ್ವ, ಮಕ್ಕಳನ್ನು ಬೆಳೆಸುವ ವಿದ್ಯೆಯೇ ಮನೆಯಲ್ಲಿದೆ ಎಂದರಂತೆ. ಆಕೆ, "ಬುಕ್ಕಿನಾಗಿನ ಹುಡುಗೂರ್ನ ಅವರು ಸಾಕ್ತಾರ್ರಿ. ಮನ್ಯಾಗಿನ ಹುಡುಗೂರ್ನ ನಾ ಸಾಕ್ತೀನಿ" ಎಂದಳಂತೆ. ಮೂರು ಗಂಡು, ಒಂದು ಹೆಣ್ಣು. ಬೆಳಗಿನ ಮೊದಲ ಬಸ್ಸಿಗೆ ಮನೆ ಬಿಟ್ಟು ದೀಪ ಹಚ್ಚುವ ಹೊತ್ತಿಗೆ ಮರಳುವ ಮನುಷ್ಯನಿಗೆ ಆ ನಾಲ್ವರೂ ಬೆನ್ನು ಕಾಣುವಷ್ಟೇ ಪರಿಚಯವಿದ್ದಿರಬೇಕು.

ಇನ್ನು ನನ್ನ ವಿಷಯ.

ಏಳನೇ ಇಯತ್ತೆಯ ಪರೀಕ್ಷೆ ಬರೆದು ಮುಗಿಸಿದ್ದೆ. ರಬಕವಿಯಿಂದ ಒಂದು ಮಗ್ಗದ ಮನೆಯವರು ನನ್ನನ್ನು ನೋಡಲು ಬಂದರು. ಉಪ್ಪಿಟ್ಟು ತಿಂದರು, ಚಹಾ ಕುಡಿದರು, ನಂತರ ನನ್ನ ಕೈಗೆ ನೂಲು ಕೊಟ್ಟು ಹತ್ತು ಕಂಡಿಕೆ ಸುತ್ತಿಸಿ ನೋಡಿದರು. ಹಾಡಲು ಬರುತ್ತದೆಯೇ, ಅಡಿಗೆ ಬರುತ್ತದೆಯೇ ಎಂದು ಕೇಳುವ ಬೀಗರು ಬೇರೆ ಊರಿನವರು. ನಮ್ಮಲ್ಲಿ ಸೊಸೆ ಬಂದ ದಿನದಿಂದಲೇ ರಾಟೆ ತಿರುಗಬೇಕು. ನಾನು ಬೇಕೆಂದೇ ಸಡಿಲಾಗಿ ಸುತ್ತಿದೆ. ಹುಡುಗನ ತಾಯಿ ಅದನ್ನು ಹಿಚುಕಿ ನೋಡಿ, "ಕಲೀತಾಳ ಬಿಡ್ರಿ" ಎಂದಳು. ಅಲ್ಲಿಗೆ ನಾನು ಪಾಸಾದೆ. ನನಗೆ ಹದಿಮೂರು ವರ್ಷ. ಎಂಟನೇ ಇಯತ್ತೆಯ ಪುಸ್ತಕಗಳನ್ನು ಒಂದು ಇಯತ್ತೆ ಮುಂದಿದ್ದ ಹುಡುಗಿಯೊಬ್ಬಳಿಂದ ಆಗಲೇ ಇಸಿದುಕೊಂಡು, ಅಟ್ಟದ ಮೇಲೆ ಇಟ್ಟಿದ್ದೆ.

ನಾನು ಊಟ ಬಿಟ್ಟೆ, ಮಾತು ಬಿಟ್ಟೆ. ಎರಡು ದಿನ ನೋಡಿದ ಅವ್ವ ಗಾಬರಿಯಾಗಿ, "ಬುಕ್ಕಿನ ಮಾಸ್ತರನ್ನರೆ ಕೇಳ್ಬರ್ರಿ" ಎಂದು ಅಪ್ಪನನ್ನು ಕಳಿಸಿದಳು. ಅಪ್ಪ ಹೋದ. ಅಲ್ಲಿ ನಡೆದದ್ದನ್ನು ಎಷ್ಟೋ ವರ್ಷಗಳ ನಂತರ ಅವನೇ ನನಗೆ ಹೇಳಿದ. ಹದಿಮೂರು ವರ್ಷದ ಹುಡುಗಿ, ಲಗ್ನದ ಮಾತು ತೆಗೆದಿದ್ದೇವೆ, ಉಣಲು ಒಲ್ಲೆ ಎನ್ನುತ್ತಾಳೆ ಎಂದು ಅಪ್ಪ ಹೇಳಿದಾಗ, ಯಾವಾಗಲೂ ಏನಾದರೊಂದು ಕುಹಕ ಆಡುತ್ತಿದ್ದ ಮಾಸ್ತರರು ಸುಮ್ಮನೆ ಎದ್ದು ಸ್ಟೂಲ್ ಹತ್ತಿ ‘ಕನ್ನಡಿ’ಯಿಂದ ಒಂದು ಪುಸ್ತಕ ತೆಗೆದರಂತೆ. ನೂಲು ಕಟ್ಟಿದರಂತೆ. ಕೊಡುವ ಮುಂಚೆ, "ಓದಿ ಹೇಳಾವ್ರು ಯಾರು?" ಎಂದರಂತೆ.

"ಅಕೀನ್ರಿ. ನಮ್ಮ ಮನ್ಯಾಗ ಮತ್ಯಾರಿಗೆ ಬರ್ತೈತಿ?"

ನಿಯಮ ಮಾಡಿದ ಮನುಷ್ಯ ನಿಯಮದ ಮಾತು ಎತ್ತಲಿಲ್ಲ. ಪುಸ್ತಕ ಕೊಟ್ಟು, "ಹೋಗ್ರಿ" ಎಂದರಂತೆ.

ಮರುದಿನ ಮುಂಜಾನೆ ಅಪ್ಪ ಮಗ್ಗಕ್ಕೆ ಇಳಿದು, "ಓದು" ಎಂದ. ನೂಲು ಬಿಟ್ಟ ಜಾಗದಲ್ಲಿ ಮೂರೂವರೆ ಪುಟವಿದ್ದವು. ತಣ್ಣೀರ ಸ್ನಾನ, ಹಾಲು, ಬೆನ್ನು ನೆಟ್ಟಗಿಟ್ಟು ಕೂರುವುದು, ಕೆಟ್ಟ ಸ್ನೇಹಿತರು, ಎಲ್ಲವೂ ಗಂಡುಹುಡುಗರಿಗೆ. ಹೆಣ್ಣುಹುಡುಗಿಯರ ಪಾಲಿಗೆ ಬಂದದ್ದು ಒಂದೇ ಸಾಲು. ಈ ವಯಸ್ಸಿನಲ್ಲಿ ಅವರಿಗೆ ಗೃಹಕೃತ್ಯದಲ್ಲಿ ಆಸಕ್ತಿ ಮೂಡಿಸಬೇಕು ಎಂದು ಇತ್ತು. ಆ ಸಾಲಿಗೆ ಬಂದು ನಿಂತೆ. ನನ್ನ ಮುಂದಿನ ಬಾಳೆಲ್ಲ ಆ ಒಂದು ಸಾಲಿನ ಮೇಲೆ ನಿಂತಿತ್ತು. ಬಾಯಿ ತೆರೆದೆ:

"‘ಹೆಣ್ಣುಮಕ್ಕಳನ್ನು ಹತ್ತನೆಯ ತರಗತಿ ಮುಗಿಯುವ ಮುನ್ನ ಶಾಲೆ ಬಿಡಿಸತಕ್ಕದ್ದಲ್ಲ. ಬಿಡಿಸಿದಲ್ಲಿ ರಕ್ತಹೀನತೆ, ತಲೆಶೂಲೆ ಹಾಗೂ ಬುದ್ಧಿಮಾಂದ್ಯ ಉಂಟಾಗುವುದು.’"

ಮಗ್ಗ ನಿಂತಿತು.

"ತಲಿಶೂಲಿ ಯಾರಿಗೆ? ಹುಡುಗಿಗೋ, ಅಪ್ಪಗೋ?"

"ಇಬ್ಬರಿಗೂ ಅಂತೈತಿ."

"ಇನ್ನೊಮ್ಮೆ ಓದು."

ಇದಕ್ಕೆ ನಾನು ತಯಾರಾಗಿರಲಿಲ್ಲ. ಎರಡನೆಯ ಸಲ ಓದುವಾಗ ರಕ್ತಹೀನತೆ ಮರೆತೇಹೋಯಿತು, ಅದರ ಬದಲು ಕಣ್ಣುಬೇನೆ ಬಂತು. ಅಪ್ಪ ಓದು ಬಾರದವನಾದರೂ ಸೀರೆಯ ಅಂಚಿನಲ್ಲಿ ಒಂದು ಎಳೆ ತಪ್ಪಿದರೆ ಹತ್ತು ಮಾರು ದೂರದಿಂದ ಹಿಡಿಯುವವನು.

"ಮೊದಲ ಕಣ್ಣ ಇರಲಿಲ್ಲ" ಎಂದ. ಕುಣಿಯಿಂದ ಎದ್ದು, ಪುಸ್ತಕ ನನ್ನ ಕೈಯಿಂದ ತೆಗೆದುಕೊಂಡು ಕಂಕುಳಲ್ಲಿಟ್ಟ. "ನಡಿ. ಮಾಸ್ತರ ಹಂತೇಕ ಓದಸೂಣು. ಆ ಮನಶ್ಯಾ ಸುಳ್ಳ ಹೇಳಾಂವಲ್ಲ. ಹಂಗ ಬರದಿದ್ರ ರಬಕವಿಯವರಿಗೆ ಒಲ್ಲೆ ಅಂತ ಹೇಳ್ತೀನಿ. ಬರದಿಲ್ಲ ಅಂದ್ರ ಬರೂ ಸೋಮವಾರ ಎಲಿ-ಅಡಿಕಿ."

ವಾಚನಾಲಯದ ಮೆಟ್ಟಿಲು ಹತ್ತುವಾಗ ಬೆಂಚಿನ ಮೇಲೆ ನಿಂತು ಅತ್ತ ಬಸ್ಯಾ ನನ್ನ ಕಣ್ಣ ಮುಂದೆಯೇ ಇದ್ದ. ಮಾಸ್ತರರು ಮೇಜಿನ ಹಿಂದೆ ಕುಳಿತಿದ್ದರು, ಇಬ್ಬರು ಪೇಪರ್ ಓದುತ್ತಿದ್ದರು. ಅಪ್ಪ ಪುಸ್ತಕ ಮುಂದಿಟ್ಟು ನಿಂತ.

"ನಂಗ ಅಕ್ಷರ ಬರೂದಿಲ್ರಿ ಮಾಸ್ತರ. ಇಕಿ ಓದಿದ್ದರ ಮ್ಯಾಲೆ ನಂಗ ಇಸವಾಸಿಲ್ಲ. ಹೆಣ್ಣ ಹುಡುಗ್ಯಾರ್ನ ಹತ್ತನೆತ್ತಾ ತನಕ ಸಾಲಿ ಬಿಡಸಬಾರ್ದು ಅಂತ ಬರದೈತಿ ಅಂತಾಳ. ಖರೆ ಏನು ನೀವ ಓದಿ ಹೇಳ್ರಿ."

ಅವರು ಚಾಳೀಸು ಹಾಕಿಕೊಂಡು ಪುಟ ತೆರೆದರು. ಮೊದಲು ಮನಸ್ಸಿನಲ್ಲೇ ಓದಿಕೊಂಡರು. ಒಮ್ಮೆ ತಲೆಯೆತ್ತಿ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಚಾಳೀಸು ತೆಗೆದು ಧೋತರದ ಚುಂಗಿನಿಂದ ಒರೆಸಿದರು, ಮತ್ತೆ ಹಾಕಿಕೊಂಡರು. ಆಮೇಲೆ ಗಟ್ಟಿಯಾಗಿ ಓದತೊಡಗಿದರು. ತಣ್ಣೀರ ಸ್ನಾನವನ್ನು ಇದ್ದಂತೆ ಓದಿದರು, ಹಾಲನ್ನು ಇದ್ದಂತೆ ಓದಿದರು. ಹುಡುಗಿಯರ ಸಾಲು ಬಂತು. ದನಿ ಸ್ವಲ್ಪವೂ ಬದಲಾಗಲಿಲ್ಲ.

"‘ಈ ವಯಸ್ಸಿನಲ್ಲಿ ಹೆಣ್ಣುಮಕ್ಕಳನ್ನು ಶಾಲೆ ಬಿಡಿಸಕೂಡದು. ಅವಳಾಗಿಯೇ ಸಾಕು ಎನ್ನುವವರೆಗೆ ಓದಿಸಬೇಕು.’"

ಅಪ್ಪ ಪುಟದ ಮೇಲೆ ಬಾಗಿದ. "ಹತ್ತನೆತ್ತಾ ತನಕ ಅಲ್ರಿ?"

"ಹತ್ತು ಅಂತ ಇಲ್ಲೆಲ್ಲೈತ್ರಿ? ಅಕಿ ಸಾಕು ಅನ್ನೂತನಕ ಅಂತೈತಿ. ನಿಮ್ಮ ಹುಡುಗಿ ಓದೂದು ಛಲೋ ಇಲ್ಲ. ಇನ್ನೂ ಸಾಲಿ ಬೇಕ ಅಕಿಗೆ."

"ಮತ್ತ ತಲಿಶೂಲಿ?"

"ಅದು ಇಲ್ಲ. ಅದನ್ನ ಅಕಿ ಸೇರಿಸ್ಯಾಳ."

ಪೇಪರ್ ಓದುವವರು ನಕ್ಕರು. ಅಪ್ಪನೂ ನಕ್ಕ. ಕೈಮುಗಿದು, ರಬಕವಿಯವರಿಗೆ ಏನು ಹೇಳಿ ಕಳಿಸುವುದೆಂದು ತನ್ನಷ್ಟಕ್ಕೆ ಗೊಣಗುತ್ತ ಮೆಟ್ಟಿಲು ಇಳಿಯತೊಡಗಿದ. ನಾನು ಹಿಂದೆ ಹೊರಟಾಗ ಮಾಸ್ತರರು ಬೆರಳು ಮಾಡಿ ಕರೆದರು. ದನಿ ತಗ್ಗಿಸಿ ಮಾತನಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ಇನ್ನೊಮ್ಮೆ ಬುಕ್ಕಿನಾಗ ಇಲ್ಲದ್ದ ಓದಿದಿ ಅಂದ್ರ ಕಿವಿ ಹರೀತೀನಿ."

ಎರಡು ನಿಮಿಷದ ಹಿಂದೆ ಅದೇ ಕೆಲಸ ಮಾಡಿದ ಮನುಷ್ಯ! ಅದೂ ನನಗಿಂತ ಸಫಾಯಿಯಾಗಿ. ಮುಖದ ಮೇಲೆ ನಾಚಿಕೆಯ ಸುಳಿವಿಲ್ಲ. ನನಗೆ ಸಿಟ್ಟು ಬಂತು, ಅಳು ಬಂತು, ಅವರ ಕಾಲು ಮುಟ್ಟಬೇಕೆನಿಸಿತು. ಯಾವುದನ್ನೂ ಮಾಡದೆ ಓಡಿದೆ. ಮನೆಗೆ ಬಂದು ಆರು ರೊಟ್ಟಿ ತಿಂದೆನೆಂದು ಅವ್ವ ಕೊನೆಯವರೆಗೂ ಹೇಳುತ್ತಿದ್ದಳು.

ಆ ಪುಸ್ತಕ ಮತ್ತೆ ‘ಕನ್ನಡಿ’ಗೆ ಮರಳಲಿಲ್ಲ. ಅಕ್ಷರ ಬಲ್ಲವರು ಯಾರಾದರೂ ತೆರೆದು ನೋಡಿದರೆ ಇಬ್ಬರ ಕಥೆಯೂ ಮುಗಿಯುತ್ತಿತ್ತು. ಮೇಜಿನ ಖಾನೆಯಲ್ಲಿ ಹಾಕಿ ಕೀಲಿ ಹಾಕಿದರು. ಪಟ್ಟಿಯಲ್ಲಿ ಅದರ ಮುಂದೆ ‘ಗೆದ್ದಲು ಹಿಡಿದಿದೆ’ ಎಂದು ಬರೆದದ್ದನ್ನು ನಾನೇ ನೋಡಿದ್ದೇನೆ. ಒಂದು ಸುಳ್ಳಿನ ಕಾವಲಿಗೆ ಇನ್ನೊಂದು. ನಾನು ಜಮಖಂಡಿಯಲ್ಲಿ ಕಾಲೇಜು ಓದಿ, ತೇರದಾಳದ ಶಾಲೆಯಲ್ಲಿ ಮಾಸ್ತರಿಕೆಗೆ ಸೇರಿದೆ. ಸಾಕು ಎನ್ನುವವರೆಗೆ ಓದಿದೆ. ಈ ನಡುವೆ ನೂರು ಸಲ ಆ ಮೇಜಿನ ಮುಂದೆ ನಿಂತಿದ್ದೇನೆ. ಆ ದಿನದ ಮಾತನ್ನು ಅವರೂ ಎತ್ತಲಿಲ್ಲ, ನನಗೂ ಎತ್ತಗೊಡಲಿಲ್ಲ. ಒಮ್ಮೆ ಬಾಯಿ ತೆರೆದಾಗ, ನನ್ನ ಕೈಯಲ್ಲಿದ್ದ ಪುಸ್ತಕವನ್ನು ಮೂಗಿಗೆ ಹಿಡಿದು, "ಒಗ್ಗರಣಿ ಹಾಕೂ ಮುಂದ ಓದಬ್ಯಾಡ್ರಿ, ಬಳ್ಳೊಳ್ಳಿ ವಾಸನಿ ಬರಾಕತ್ತೈತಿ" ಎಂದು ಮಾತು ತಿರುಗಿಸಿದರು. ಆದರೆ ನಾನು ನೌಕರಿ ಹಿಡಿದ ದಿನದಿಂದ ನನಗೆ ‘ರಿ’ ಹಚ್ಚಿ ಮಾತನಾಡಿದರು.

ಸಂತಾಪ ಸಭೆಯಲ್ಲಿ ಹೇಳಲಾಗದ್ದು ಎದೆಯಲ್ಲಿ ಉಳಿದಿತ್ತು. ಮುಂದಿನ ರವಿವಾರ ಜಮಖಂಡಿಗೆ ಹೋದೆ. ಅವರ ಹೆಂಡತಿ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದರು. ಮುಧೋಳಕ್ಕೆ ಕೊಟ್ಟ ಮಗಳು ಬಂದಿದ್ದಳು. ನನ್ನ ವಾರಿಗೆಯವಳೇ, ಆದರೆ ತಲೆ ಅರ್ಧ ಬೆಳ್ಳಗಾಗಿತ್ತು. ಮೊಮ್ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು. ದುಃಖದ ಮನೆ, ಸ್ವಲ್ಪ ಹಗುರಾಗಲಿ ಎಂದು ನಾನು ನನ್ನ ಕಥೆ ಹೇಳಿದೆ. ರಕ್ತಹೀನತೆ, ಕಣ್ಣುಬೇನೆ, ತಲೆಶೂಲೆ, ಎಲ್ಲ ಅಭಿನಯಿಸಿ ಹೇಳಿದೆ. ತಾಯಿ ಸೆರಗು ಬಾಯಿಗೆ ಹಿಡಿದು ನಕ್ಕರು. ಮಗಳು ನಗಲಿಲ್ಲ.

"ಬುಕ್ಕಿನಾಗ ಖರೇನ ಹಂಗ ಬರದಿತ್ತೇನ್ರಿ ಅಕ್ಕೋರ?" ಎಂದಳು.

"ಇಲ್ರಿ. ಒಂದಕ್ಷರ ಇರಲಿಲ್ಲ. ಅವರ ಹುಟ್ಟಿಸಿ ಓದಿದ್ರು."

"ನೀವು ಏಳನೆತ್ತಾ ಮುಗಿಸಿದ್ದು ಯಾವ ವರ್ಷ?"

ಹೇಳಿದೆ. ಅವಳು ಮಗುವಿನ ಬೆನ್ನ ಮೇಲೆ ಬೆರಳು ಮಡಿಸುತ್ತ ಎಣಿಸಿದಳು. ತಾಯಿಯ ನಗು ನಿಂತಿತ್ತು.

"ಅದರ ಹಿಂದಿನ ಶ್ರಾವಣದಾಗ ಇಕಿನ್ನ ಸಾಲಿ ಬಿಡಸಿದ್ದು" ಎಂದರು ತಾಯಿ, ನನ್ನ ಕಡೆ ನೋಡದೆ. "ಇಕಿನೂ ಏಳನೆತ್ತಾ ಇದ್ಲು. ನಮ್ಮ ಮನಿಯವರ ಅಣ್ಣ ಲಗ್ನಾ ಗಟ್ಟಿ ಮಾಡಿ ಬಂದಿದ್ದ. ನಾ ಸಾಲಿಗೆ ಹೋಗ್ತೀನಿ ಅಂತ ಎರಡ ದಿನ ಉಣಲಿಲ್ಲ ಇಕಿ. ಇವರ ಬಾಯಾಗ ಒಂದ ಮಾತ ಹೊರಡಲಿಲ್ಲ. ಮುಂಜಾನೆದ್ದು ಬಸ್ ಹತ್ತಿ ಬನಹಟ್ಟಿಗಿ ಹ್ವಾದ್ರು."

ಮೂವತ್ತು ವರ್ಷ ಆ ಸಾಲು ನನ್ನದೆಂದು ನಂಬಿದ್ದೆ. ಮಗಳು ಮೊಮ್ಮಗುವನ್ನು ಹೆಗಲಿಗೆ ಹಾಕಿಕೊಂಡು ಎದ್ದಳು.

"ಎಂಟ ತಿಂಗಳ ತಡಾ ಮಾಡಿದ ನಮ್ಮಪ್ಪ" ಎಂದು, ನನಗೆ ಚಹಾ ಮಾಡಲು ಒಳಗೆ ಹೋದಳು.